ರಕ್ತ ಕ್ಯಾನ್ಸರ್: ಹೆಸರು ಒಂದೇ, ವಯಸ್ಸಿಗೊಂದು ಸವಾಲು

ಲ್ಯುಕೇಮಿಯಾ ಒಂದೇ ಕಾಯಿಲೆಯಲ್ಲ. ರೋಗಿಯ ವಯಸ್ಸಿನ ಜೊತೆಗೆ ಅದರ ಬಗೆ, ಚಿಕಿತ್ಸೆ, ಗುಣವಾಗುವ ಸಾಧ್ಯತೆಯೂ ಬದಲಾಗುತ್ತವೆ.

ಮಕ್ಕಳಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಇದೇ. ಅದರಲ್ಲೂ 2ರಿಂದ 5 ವರ್ಷದವರಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಹೆಚ್ಚು. ಶ್ರೀಮಂತ ದೇಶಗಳಲ್ಲಿ ಇಂಥ 10 ಮಕ್ಕಳಲ್ಲಿ ಸುಮಾರು 9 ಮಂದಿ ಬದುಕುಳಿಯುತ್ತಾರೆ. ಆದರೆ ಚಿಕಿತ್ಸೆ 2ರಿಂದ 3 ವರ್ಷ ನಡೆಯುತ್ತದೆ. ಖರ್ಚು, ಓಡಾಟ ತಾಳಲಾರದೆ ಭಾರತದ ಕೆಲವು ಕುಟುಂಬಗಳು ಅರ್ಧಕ್ಕೇ ನಿಲ್ಲಿಸುತ್ತವೆ. ಉಳಿಯಬಹುದಾಗಿದ್ದ ಮಗು ಕೈತಪ್ಪುವುದು ಇಲ್ಲಿಯೇ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ಹಿರಿಯರ ಕಾಯಿಲೆ. ಭಾರತದಲ್ಲಿ ಅದು ದುಡಿಯುವ ವಯಸ್ಸಿನವರನ್ನೇ ಹೆಚ್ಚು ಕಾಡುತ್ತಿದೆ. ಇಮ್ಯಾಟಿನಿಬ್ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಂಡರೆ ಬಹುತೇಕರು ವರ್ಷಗಟ್ಟಲೆ ಕೆಲಸ ಮಾಡಿಕೊಂಡಿರಬಲ್ಲರು. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಕೋರಿಕೆ ತಿರಸ್ಕರಿಸಿದ್ದರಿಂದ ಇದರ ಅಗ್ಗದ ಜೆನೆರಿಕ್ ಮಾತ್ರೆಗಳಿಗೆ ದಾರಿ ಮುಚ್ಚಲಿಲ್ಲ.

60 ದಾಟಿದವರಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಹೆಚ್ಚು ಅಪಾಯಕಾರಿ. ತೀವ್ರ ಕಿಮೊಥೆರಪಿಯನ್ನು ಹಲವರ ದೇಹ ತಡೆದುಕೊಳ್ಳುವುದಿಲ್ಲ. ಸುಸ್ತು, ಪದೇ ಪದೇ ಜ್ವರ, ಚರ್ಮದ ಮೇಲೆ ಕಂದುಗಟ್ಟಿದ ಕಲೆ ಕಂಡಾಗ 'ವಯಸ್ಸಾಯ್ತಲ್ಲ' ಎಂದು ಸುಮ್ಮನಾದರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಮಗುವಿಗೆ ಚಿಕಿತ್ಸೆ ಮುಗಿಯುವವರೆಗೆ ನೆರವು, ದುಡಿಯುವವರಿಗೆ ತಪ್ಪದೆ ಸಿಗುವ ಮಾತ್ರೆ, ಹಿರಿಯರಿಗೆ ಸಕಾಲದಲ್ಲಿ ಒಂದು ರಕ್ತಪರೀಕ್ಷೆ: ಈ ಮೂರೂ ಬೇರೆ ಬೇರೆ ಅಗತ್ಯಗಳು. ಒಂದೇ ಯೋಜನೆಯಿಂದ ಮೂವರಿಗೂ ಪರಿಹಾರ ಸಿಗದು.