ಲಜ್ಜೆಯಿಂದ ಬೆಳೆಯುವ ವ್ಯಾಧಿ

ಮಂಗಲಕರವಾದ ಸಂಸ್ಮರಣ ಸಂಪುಟದಲ್ಲಿ ಮೂಲವ್ಯಾಧಿಯ ಪ್ರಸ್ತಾಪವೇ ಎಂದು ಸಹೃದಯರು ಹುಬ್ಬೇರಿಸಬಹುದು. ಆಡಲು ನಾಚುವುದರಿಂದಲೇ ಬೆಳೆಯುವ ರೋಗ ಇದಾದುದರಿಂದ, ವಿದ್ಯಾಸಂಸ್ಥೆಯ ಹಿತೈಷಿಗಳ ಮುಂದೆ ಆಡಿಯೇ ತೀರಬೇಕೆಂಬುದು ನನ್ನ ಅಭಿಮತ.

ನಮ್ಮ ಪೂರ್ವಿಕರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತನು ಅರ್ಶೋರೋಗಕ್ಕೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದನು. ಅರಿಯಂತೆ ಹಿಂಸಿಸುವುದರಿಂದ ಅದು ಅರ್ಶಸ್ಸೆಂದು ವಾಗ್ಭಟನು ನಿರ್ವಚನವಿತ್ತನು. ತಡೆಯಬಾರದ ಹದಿಮೂರು ವೇಗಗಳಲ್ಲಿ ಮಲಮೂತ್ರಗಳ ವೇಗವನ್ನು ಚರಕಸಂಹಿತೆ ಎಣಿಸಿತು. ಇದನ್ನೆಲ್ಲ ಓದಿಕೊಂಡಿದ್ದ ನಾನೇ, ರಕ್ತ ಕಂಡರೂ ಎರಡು ವರ್ಷ ವೈದ್ಯರ ಮುಂದೆ ಬಾಯಿ ತೆರೆಯಲಿಲ್ಲ. ರಕ್ತಹೀನತೆಯಿಂದ ಪಾಠದ ನಡುವೆ ಕಣ್ಣು ಕತ್ತಲಿಟ್ಟ ದಿನವೇ ನನಗೆ ಬುದ್ಧಿ ಬಂದುದು.

ಗುದನಾಳದೊಳಗೆ ರಕ್ತನಾಳಗಳಿಂದ ಕೂಡಿದ ಮೆತ್ತೆಯಂತಹ ಅಂಗಾಂಶವು ಎಲ್ಲರಲ್ಲಿಯೂ ಸಹಜವಾಗಿಯೇ ಇರುತ್ತದೆ. ಮಲಬದ್ಧತೆಯಿಂದ ತಿಣುಕುವುದು, ದೀರ್ಘಕಾಲದ ಅತಿಸಾರ, ಗರ್ಭಧಾರಣೆ, ಸ್ಥೂಲಕಾಯ, ವೃದ್ಧಾಪ್ಯ ಮುಂತಾದ ಕಾರಣಗಳಿಂದ ಅದು ಉಬ್ಬಿ ಕೆಳಗೆ ಜಾರುತ್ತದೆ. ಮೊಬೈಲ್ ಹಿಡಿದು ಶೌಚಾಲಯದಲ್ಲಿ ಬಹುಹೊತ್ತು ಕುಳಿತಿರುವ ಈಚಿನ ಚಾಳಿಯೂ ಹಿತವಲ್ಲ. ರಕ್ತ ಬಿದ್ದರೆ "ಉಷ್ಣವಾಗಿದೆ" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವವರು ಅನೇಕರು. ಆದರೆ ದೊಡ್ಡಕರುಳಿನ ಕ್ಯಾನ್ಸರ್ ಕೂಡ ರಕ್ತಸ್ರಾವದಿಂದಲೇ ತಲೆದೋರಬಹುದು. ಮೂಲವ್ಯಾಧಿಯೇ ಎಂದು ನಿರ್ಣಯಿಸಬೇಕಾದವರು ವೈದ್ಯರು, ನಾವಲ್ಲ. ತೂಕ ಇಳಿಯುತ್ತಿದ್ದರೆ, ಮಲಪ್ರವೃತ್ತಿಯ ಕ್ರಮ ಬದಲಾಗಿದ್ದರೆ, ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದರೆ ಒಂದು ದಿನವೂ ತಡಮಾಡಲಾಗದು.

ನಿವಾರಣೋಪಾಯಗಳು ಸರಳ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ, ಸಾಕಷ್ಟು ನೀರು, ನಡಿಗೆ, ವೇಗ ಬಂದೊಡನೆ ವಿಸರ್ಜನೆ, ಇವಿಷ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಮೂರನೆಯ ಒಂದು ಭಾಗವೂ ಇಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ಬಿಳಿಯ ಅನ್ನದೊಡನೆ ಮುದ್ದೆ, ರೊಟ್ಟಿ, ಸೊಪ್ಪು, ಕಾಳುಗಳಿಗೂ ಸ್ಥಾನವಿರಲಿ.

ಇನ್ನು ಶಾಲೆಯ ಮಾತು. "ಗಂಟೆ ಹೊಡೆಯುವವರೆಗೆ ತಡೆದುಕೋ" ಎನ್ನುವ ಅಧ್ಯಾಪಕರು ನಾವೇ. ಶೌಚಾಲಯ ಶುಚಿಯಾಗಿಲ್ಲವೆಂದು ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ದಿನ ಕಳೆಯುವುದನ್ನು ಕಂಡೂ ಕಾಣದಂತಿರುವವರೂ ನಾವೇ. ಚರಕನು ನಿಷೇಧಿಸಿದ ವೇಗಧಾರಣೆಯನ್ನು ಶಿಸ್ತಿನ ಹೆಸರಿನಲ್ಲಿ ಕಲಿಸುತ್ತಿದ್ದೇವೆ! ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕೇರಳದ ಶಾಲೆಗಳ ಕ್ರಮವು 2019ರಲ್ಲಿ ದೇಶದ ಗಮನ ಸೆಳೆಯಿತು. ಅದನ್ನು ನಾವೂ ಅನುಸರಿಸಬಹುದು. ಹೊರಹೋಗಲು ಕೇಳಿದ ಮಗುವನ್ನು ಗದರಿಸದೆ ಕಳುಹಿಸಬಹುದು.

ದಾನಿಗಳಲ್ಲಿ ನನ್ನದೊಂದು ಬಿನ್ನಹ. ಮಹಾದ್ವಾರಕ್ಕೂ ಸಭಾಭವನಕ್ಕೂ ಕೊಡುವವರು ಉಂಟು. ನೀರಿನ ಸೌಕರ್ಯವುಳ್ಳ ಶುಚಿಯಾದ ಶೌಚಾಲಯಕ್ಕೆ ಕೊಡುವವರು ವಿರಳ. ಅಲ್ಲಿ ಹೆಸರಿನ ಕಲ್ಲು ನೆಡಲು ಮನಸ್ಸು ಹಿಂಜರಿಯಬಹುದು. ಹೆಸರಿಲ್ಲದೆ ಕೊಡುವುದೇ ದಾಸೋಹವಲ್ಲವೇ? ಕಾಯ ಸೊರಗಿದರೆ ಕಾಯಕ ನಿಲ್ಲುತ್ತದೆ ಎಂಬುದನ್ನು ಶರಣರ ನಾಡಿನವರಿಗೆ ನಾನು ಹೇಳಬೇಕಾಗಿಲ್ಲ.