ಮಾಗಿಯ ಮಂಜು, ನಿಂತುಹೋದ ಬಿಸಿಗಾಳಿ

ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅಂದಿನಿಂದ ಪ್ರತಿವರ್ಷವೂ ಆ ದಿನ ಗದ್ದುಗೆಯ ದರ್ಶನಕ್ಕೆ ಹೋಗುವುದು ನಮ್ಮ ಮನೆಯ ಪದ್ಧತಿ. ಹೀಗೆ ಒಮ್ಮೆ ತಾಯಿಯವರನ್ನು ಕೂರಿಸಿಕೊಂಡು ಇನ್ನೂ ಕತ್ತಲಿರುವಾಗಲೇ ಸಾಸಲಿನಿಂದ ಹೊರಟೆವು. ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮಾಗಿಯ ಮಂಜು ಹೇಗಿರುತ್ತದೆಂಬುದು ಓದುಗರಿಗೆ ತಿಳಿದದ್ದೇ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಹಳೆಯ ಕಾರಿನ ಮುಂಗಾಜು ಒಳಗಿನಿಂದ ಮಸುಕಾಯಿತು. ಬಿಸಿಗಾಳಿಯ ಫ್ಯಾನು ತಿರುಗಲಿಲ್ಲ. ವಲ್ಲಿಯಿಂದ ಗಾಜನ್ನು ಒರೆಸುತ್ತಲೇ ಸಾಗಿದಾಗ, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಮಾರು ದೂರದಲ್ಲಿ ಥಟ್ಟನೆ ಕಾಣಿಸಿತು. ಬ್ರೇಕು ಹಿಡಿಯಿತು; ಸೈಕಲ್ಲಿನವರು ಉಳಿದರು.

“ನಿಲ್ಲಿಸಪ್ಪಾ, ಗದ್ದುಗೆ ಎಲ್ಲಿಗೂ ಹೋಗುವುದಿಲ್ಲ,” ಎಂದರು ತಾಯಿಯವರು. ಹೊತ್ತು ಮೂಡುವವರೆಗೆ ರಸ್ತೆಯ ಪಕ್ಕದಲ್ಲಿಯೇ ಕುಳಿತೆವು.

ತಪ್ಪು ನನ್ನದೇ. ಒಂದು ತಿಂಗಳಿನಿಂದ ಆ ಫ್ಯಾನು ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತಿತ್ತು. ‘ಅಷ್ಟಾದರೂ ತಿರುಗುತ್ತಿದೆಯಲ್ಲ’ ಎಂದು ಉದಾಸೀನ ಮಾಡಿದ್ದೆ.

ಈ ಫ್ಯಾನು ಕೇವಲ ಸುಖಸಾಧನವಲ್ಲ. ನಮ್ಮ ಉಸಿರಿನ ತೇವವು ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ. ಬೆಚ್ಚನೆಯ ಗಾಳಿ ಆ ತೇವವನ್ನು ಹೀರಿ ಗಾಜನ್ನು ಸ್ವಚ್ಛಗೊಳಿಸುತ್ತದೆ. ಆದ್ದರಿಂದ ಇದು ಕೆಟ್ಟರೆ ಕಣ್ಣೇ ಕೆಟ್ಟಂತೆ. ದೋಷವನ್ನು ಹುಡುಕುವ ಕ್ರಮ ಹೀಗಿದೆ:

ಮೊದಲು ಲಕ್ಷಣವನ್ನು ಗಮನಿಸಬೇಕು. ಗಾಳಿ ಬರುತ್ತಿದ್ದು ಬಿಸಿಯಿಲ್ಲದಿದ್ದರೆ ಫ್ಯಾನಿನ ದೋಷವಲ್ಲ. ರೇಡಿಯೇಟರಿನ ನೀರು, ಥರ್ಮೋಸ್ಟಾಟ್, ಹೀಟರಿನ ವಾಲ್ವುಗಳನ್ನು ನೋಡಬೇಕು. ಕೊನೆಯ ವೇಗ ಮಾತ್ರ ಕೆಲಸ ಮಾಡಿದರೆ ಸಾಮಾನ್ಯವಾಗಿ ರೆಸಿಸ್ಟರ್ ಸುಟ್ಟಿರುತ್ತದೆ. ಕಡಿಮೆ ವೇಗಗಳಿಗೆ ವಿದ್ಯುತ್ತು ಅದರ ಮೂಲಕ ಹಾದುಹೋಗುತ್ತದೆ. ಕೊನೆಯ ವೇಗಕ್ಕೆ ಅದನ್ನು ಬಿಟ್ಟು ನೇರವಾಗಿ ಹರಿಯುತ್ತದೆ.

ಯಾವ ವೇಗದಲ್ಲಿಯೂ ತಿರುಗದಿದ್ದರೆ ಫ್ಯೂಸನ್ನು ಪರೀಕ್ಷಿಸಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ಅದರ ಬದಲು ತಂತಿಯನ್ನು ಸುತ್ತುವುದು ಬೆಂಕಿಗೆ ಆಹ್ವಾನ. ಫ್ಯೂಸು ಸರಿಯಿದ್ದರೆ, ಕೀಲಿ ತಿರುಗಿಸಿ, ಸ್ವಿಚ್ಚನ್ನು ಕೊನೆಯ ವೇಗಕ್ಕಿಟ್ಟು, ಮೋಟಾರಿನ ಪ್ಲಗ್ಗಿನ ಎರಡು ಕಡ್ಡಿಗಳಿಗೆ 12 ವೋಲ್ಟಿನ ಪರೀಕ್ಷಾ ದೀಪವನ್ನು ಮುಟ್ಟಿಸಿರಿ. ಅದು ಪ್ರಕಾಶವಾಗಿ ಉರಿದರೆ ದೋಷ ಮೋಟಾರಿನಲ್ಲಿದೆ. ಹೆಚ್ಚಾಗಿ ಅದರ ಕಾರ್ಬನ್ ಸವೆದಿರುತ್ತದೆ. ಮೆಲ್ಲಗೆ ತಟ್ಟಿದಾಗ ಕ್ಷಣಕಾಲ ತಿರುಗಿದರೆ ಅದೇ ಸೂಚನೆ. ದೀಪ ಉರಿಯದಿದ್ದರೆ ಸ್ವಿಚ್ಚು, ರಿಲೇ, ವೈರು, ಅರ್ತ್ ಸಂಪರ್ಕಗಳನ್ನು ನೋಡಬೇಕು. ಯಾವುದನ್ನೇ ಬಿಚ್ಚುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿರಬೇಕು.

ನಮ್ಮ ಕಾರನ್ನು ನೋಡಿದ ಮೊದಲ ಅಂಗಡಿಯವರು ಇಡೀ ಹೀಟರನ್ನೇ ಬದಲಿಸಬೇಕೆಂದರು. ಎರಡನೆಯ ಮೆಕ್ಯಾನಿಕ್ ಫ್ಯಾನನ್ನು ಹೊರತೆಗೆದು ಒಂದು ಹಿಡಿ ಹುಣಸೆ ಎಲೆಯನ್ನು ನನ್ನ ಕೈಯಲ್ಲಿಟ್ಟರು! ಮರದ ನೆರಳಿನಲ್ಲಿ ನಿಲ್ಲಿಸುತ್ತಿದ್ದ ಕಾರಿನ ಗಾಜಿನ ಕೆಳಗಿನ ಜಾಲರಿಯಿಂದ ಅವು ಒಳಸೇರಿದ್ದವು. ಎಲೆ ಸಿಕ್ಕಿ ಫ್ಯಾನು ಭಾರವಾಯಿತು, ಗಾಳಿ ಕುಗ್ಗಿತು. ಆ ಗಾಳಿಯಿಂದಲೇ ತಣಿಯುವ ರೆಸಿಸ್ಟರ್ ಕಾದು ಸುಟ್ಟಿತು. ಬಳಿಕ ಕೊನೆಯ ವೇಗದಲ್ಲಿಯೇ ಓಡಿಸಿದ್ದರಿಂದ ಪ್ಲಗ್ಗೂ ಕರಗಿತು. ರೆಸಿಸ್ಟರ್ ಮತ್ತು ಪ್ಲಗ್ಗನ್ನು ಬದಲಿಸಿ, ಎಲೆಯನ್ನು ತೆಗೆದು ಶುಚಿಗೊಳಿಸಿದ್ದರಲ್ಲಿಯೇ ಕೆಲಸ ಮುಗಿಯಿತು. “ಎಲೆಯನ್ನು ಬಿಟ್ಟು ರೆಸಿಸ್ಟರ್ ಒಂದನ್ನೇ ಹಾಕಿದ್ದರೆ ಮತ್ತೆ ಸುಡುತ್ತಿತ್ತು ಸ್ವಾಮಿ,” ಎಂದರು ಅವರು. ಬೇಡದ್ದಕ್ಕೆ ಹಣ ಕೇಳದೆ, ಮೂಲವನ್ನು ಹುಡುಕಿದ ಆ ದುಡಿಮೆಯನ್ನೇ ಅಲ್ಲವೇ ಶರಣರು ಕಾಯಕವೆಂದು ಕರೆದದ್ದು?

ದಾರಿಯಲ್ಲಿ ಫ್ಯಾನು ಕೈಕೊಟ್ಟರೆ ಕಿಟಕಿಗಳನ್ನು ಸ್ವಲ್ಪ ಇಳಿಸಿ, ಹೊರಗಾಳಿ ಒಳಬರುವಂತೆ ಮಾಡಿಕೊಳ್ಳಿರಿ. ಆಗಲೂ ಗಾಜು ತಿಳಿಯಾಗದಿದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿರಿ. ಕಾರ್ತಿಕ ಮುಗಿಯುವ ಹೊತ್ತಿಗೊಮ್ಮೆ ಫ್ಯಾನಿನ ಎಲ್ಲ ವೇಗಗಳನ್ನೂ ತಿರುಗಿಸಿ ನೋಡಿ, ಜಾಲರಿಯ ಎಲೆಗಳನ್ನು ತೆಗೆದುಹಾಕಿರಿ. ಹಾಲು ಹಾಕಲು ಹೊರಟವರೂ ಅದೇ ರಸ್ತೆಯಲ್ಲಿರುತ್ತಾರೆ; ಅವರೂ ಮನೆಗೆ ಮರಳಬೇಕು.