ಕೊಡತಿಯ ಸದ್ದು ಯಾವ ಮಾನಕದಲ್ಲೂ ಇಲ್ಲ

ಚೆನ್ನೈನ ಮೈಲಾಪೂರ್‌ನ ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಇನ್ನೂ ಉಳಿದಿದೆ. ಒಳಗೆ ನಿಂತು ತಲೆಯೆತ್ತಿದರೆ ತೇಗದ ಜಂತೆಗಳ ನಡುವೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆಗಳ ಸಾಲು. ಇದೇ ಮದ್ರಾಸ್ ತಾರಸಿ. ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲಿ ಬೆಳೆದವರಿಗೂ ಇದು ಪರಿಚಿತ ಸೂರು.

ಇದನ್ನು ಕಟ್ಟುವ ಬಗೆ ಗುಟ್ಟಿನದಲ್ಲ. ಐಎಸ್ 2119 ಎಂಬ ರಾಷ್ಟ್ರೀಯ ಮಾನಕ ಇರುವುದೇ ಇದಕ್ಕಾಗಿ. 1980ರಲ್ಲಿ ಅದರ ಪರಿಷ್ಕರಣೆಯೂ ಆಯಿತು. ಇಟ್ಟಿಗೆಯ ಅಳತೆ, ಗಾರೆಯ ಪ್ರಮಾಣ, ಪದರಗಳ ದಪ್ಪ ಎಲ್ಲ ಅದರಲ್ಲಿದೆ. ಆದರೆ ಇಂದು ಇಂಥ ಸೂರೊಂದು ಸೋರಿದರೆ, ಅದನ್ನು ಅದರ ರೀತಿಯಲ್ಲೇ ಸರಿಮಾಡಬಲ್ಲ ಗಾರೆಯವರು ಸಿಗುವುದು ಕಷ್ಟ. ಬರೆದಿಟ್ಟ ತಿಳಿವಳಿಕೆ ಭದ್ರವಾಗಿದೆ, ಕೈಯರಿವು ಕರಗುತ್ತಿದೆ.

ಎರಡರ ನಡುವಿನ ಅಂತರ ಎಲ್ಲಿದೆ ಎಂದು ತಾರಸಿಯ ಕೆಲಸವೇ ತೋರಿಸುತ್ತದೆ. ಓರೆ ಸಾಲು ಕೂರಿಸುವಾಗ ಕೆಳಗೆ ಹಲಗೆಯ ಆಸರೆ ಇರುವುದಿಲ್ಲ. ಮೇಸ್ತ್ರಿ ಇಟ್ಟಿಗೆಗೆ ಗಾರೆ ಮೆತ್ತಿ, ಹಿಂದಿನ ಇಟ್ಟಿಗೆಗೆ ಒತ್ತಿ ಹಿಡಿದು ಕೈಬಿಡುತ್ತಾನೆ. ಎಷ್ಟು ಹೊತ್ತು ಹಿಡಿಯಬೇಕು? ಗಾರೆಯ ಅಂಟು, ಅಂದಿನ ಬಿಸಿಲು, ಇಟ್ಟಿಗೆ ಕುಡಿದ ನೀರು, ಮೂರನ್ನೂ ಬೆರಳೇ ಅಳೆಯುತ್ತದೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಬೆರೆಸಿದ ಸುಮಾರು ಮೂರು ಅಂಗುಲದ ಪದರ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಅದನ್ನು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಗುರುತು ಮೂಡದೆ ಕೊಡತಿ ಪುಟಿದೇಳುವವರೆಗೆ ಬಡಿಯಬೇಕೆಂದು ನಿಯಮಪುಸ್ತಕಗಳು ಹೇಳುತ್ತವೆ. ಪುಸ್ತಕದ ಮಾತು ಅಲ್ಲಿಗೆ ಮುಗಿಯಿತು. ಒಳಗೆ ಇನ್ನೂ ಹಸಿ ಇದೆಯೇ, ಪದರ ಬಿಗಿದುಕೊಂಡಿದೆಯೇ ಎಂದು ಸದ್ದು ಕೇಳಿ ಹೇಳಬಲ್ಲವರು ಬಡಿದವರೇ.

ಬಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಚೆನ್ನೈನ ಕಟ್ಟಡ ಕೆಲಸದಲ್ಲಿ ಅವರು ‘ಸಿತ್ತಾಳ್’, ಕೈಯಾಳು. ಕರಣೆ ಹಿಡಿದ ಗಂಡಸು ‘ಕೊತ್ತನಾರ್’. ಜೀವಮಾನವಿಡೀ ದುಡಿದರೂ ಸಿತ್ತಾಳ್ ಕೊತ್ತನಾರ್ ಆಗುವುದು ಅಪರೂಪ. ಅವರು ಬಲ್ಲದ್ದನ್ನು ಕೌಶಲವೆಂದು ಯಾರೂ ಎಣಿಸಲಿಲ್ಲ, ಹಾಗಾಗಿ ಅದು ಹೋದದ್ದೂ ಲೆಕ್ಕಕ್ಕೆ ಬರಲಿಲ್ಲ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಸಿಮೆಂಟು ಬಂದು ಸುಣ್ಣವನ್ನು ಓಡಿಸಿತು ಎನ್ನುವುದುಂಟು. ನಿಜ, 1904ರಲ್ಲಿ ದೇಶದ ಮೊದಮೊದಲ ಸಿಮೆಂಟು ತಯಾರಿಕೆಯ ಯತ್ನಗಳಲ್ಲೊಂದು ನಡೆದದ್ದೂ ಮದ್ರಾಸಿನಲ್ಲೇ, ಅದೂ ಕಡಲ ಚಿಪ್ಪಿನಿಂದ. ಆದರೆ ಅರಿವನ್ನು ಚದುರಿಸಿದ್ದು ಸಿಮೆಂಟಿಗಿಂತ ಹೆಚ್ಚಾಗಿ ಕೆಲಸ ಹಂಚುವ ನಮ್ಮ ಪದ್ಧತಿ. ಅತಿ ಕಡಿಮೆ ದರ ಕೂಗಿದವನಿಗೆ ಟೆಂಡರ್, ಅವನಿಂದ ಒಳಗುತ್ತಿಗೆ, ಅಲ್ಲಿಂದ ಮೇಸ್ತ್ರಿಯ ತಂಡಕ್ಕೆ. ಕೆಲಸ ಮುಗಿದ ದಿನ ತಂಡ ಚದುರುತ್ತದೆ, ಕಲಿತದ್ದು ಅದರೊಂದಿಗೇ ಹೋಗುತ್ತದೆ. ಇದು ಹಳೆಯ ಸೂರಿನ ಸಂಕಟ ಮಾತ್ರವಲ್ಲ. ಮೈಲಾಪೂರ್‌ನ ನೆಲದಡಿಯಲ್ಲೇ ಮೆಟ್ರೊ ಎರಡನೇ ಹಂತದ ತಿರುಮಯಿಲೈ ನಿಲ್ದಾಣದ ಕೆಲಸ ನಡೆದಿದೆ. ಅಲ್ಲಿನ ನಕ್ಷೆ, ಅಳತೆಗಳು ದಾಖಲೆಯಲ್ಲಿ ಉಳಿಯುತ್ತವೆ. ಈ ಮಣ್ಣಿನ ಸ್ವಭಾವವನ್ನು ಮೈಯಲ್ಲಿ ಅರಿತ ಕೆಲಸಗಾರರು ಮುಂದಿನ ಊರಿಗೆ ಹೋಗುತ್ತಾರೆ.

ನಮ್ಮಲ್ಲಿ ಹಳೆಯ ಕಟ್ಟಡಗಳ ಈ ಸಂಕಟದ ಬಿಸಿ ತಟ್ಟಿದ್ದು ಮೈಸೂರಿಗೆ. 2012ರ ಆಗಸ್ಟ್‌ನಲ್ಲಿ ಅಲ್ಲಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವುವುದೋ, ದುರಸ್ತಿಯೋ ಎಂದು ತಜ್ಞರ ವರದಿಗಳ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ದುರಸ್ತಿ ಮಾಡುವ ಕೈಗಳು ಎಲ್ಲಿವೆ, ಎಷ್ಟಿವೆ ಎಂಬ ಪ್ರಶ್ನೆ ಅದರಲ್ಲಿ ಮುಂದೆ ಬರಬೇಕಿತ್ತು.

ಇನ್ನೊಂದು ಕೈಪಿಡಿ ಬರೆಸುವುದರಿಂದ ಇದು ಬಗೆಹರಿಯದು. ಕೈಯರಿವು ಉಳಿಯುವುದು ಕೆಲಸದಲ್ಲಿ, ಅದೂ ಹಿರಿಯರ ಪಕ್ಕದಲ್ಲಿ ಕೂತು ಮಾಡುವ ಕೆಲಸದಲ್ಲಿ. 1996ರ ಕಾನೂನಿನಿಂದ ಜಾರಿಗೆ ಬಂದಂತೆ ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗಳಿಗೆ ಸಂದಾಯವಾಗುತ್ತದೆ. ಸರ್ಕಾರ ಆ ಹಣದಿಂದ ಕಲಿಯುವವರಿಗೆ ಪೂರ್ತಿ ಕೂಲಿ ಕೊಡಲಿ. ಹಳೆಯ ಸರ್ಕಾರಿ ಕಟ್ಟಡಗಳ ದುರಸ್ತಿ ಟೆಂಡರಿನಲ್ಲಿ ಹಿರಿಯ ಗಾರೆಯವರೊಬ್ಬರು, ಅವರ ಕೈಕೆಳಗೆ ಕಲಿಯುವ ಇಬ್ಬರು ಇರಲೇಬೇಕೆಂಬ ಷರತ್ತು ಹಾಕಲಿ. ಸೂರುಗಳ ದುರಸ್ತಿಯನ್ನು ಒಮ್ಮೆಗೇ ಹಿಡಿಯದೆ ವರ್ಷಕ್ಕಿಷ್ಟು ಎಂದು ಹಂಚಿದರೆ ತಂಡ ಚದುರುವುದಿಲ್ಲ. ಕೊಡತಿ ಹಿಡಿಯಬಲ್ಲ ಮುದುಕಿಯರು ಎಲ್ಲಿದ್ದರೂ ಹುಡುಕಿ ಕರೆತಂದು, ಕಲಿಸುವವರೆಂದೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ಮೇಸ್ತ್ರಿಯ ಕೂಲಿ ಕೊಡಲಿ.